ಕೊಂಬಿನ ಬಿಲ್ಲು ‘ಟಕ್’ ಅಂದ್ರೆ ಎಂತ ಮಾಡುದು?

ಈ ವಾರದ ಸಂಚಿಕೆಗೆ ಒಂದು ಸದ್ದೇ ವಿಷಯ. ಕಡಬ ಕಡೆಯ ಕೇಳುಗರೊಬ್ಬರು ವಾಟ್ಸಾಪ್‌ನಲ್ಲಿ ಏಳು ಸೆಕೆಂಡಿನ ಆಡಿಯೊ ಕಳಿಸಿದ್ರು. ಬಿಲ್ಲು ಎಳೆಯುವ ಸದ್ದು, ಮಧ್ಯದಲ್ಲಿ ಒಂದು ‘ಟಕ್’, ಆಮೇಲೆ ಮೌನ. ಕೆಳಗೆ ಒಂದೇ ಸಾಲು: “ಒಂದೂವರೆ ವರ್ಷದ ಕೆಲಸ ಮಾರಾಯ್ರೆ, ಇನ್ನೊಮ್ಮೆ ಎಳೆದು ನೋಡ್ಲಾ?”

ಉತ್ತರ ಮೊದಲೇ ಹೇಳ್ತೇನೆ. ಬೇಡ. ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗುವವರೆಗೆ ಆ ಬಿಲ್ಲನ್ನು ಒಂದು ಇಂಚೂ ಎಳೆಯಬೇಡಿ. ಇವತ್ತಿನ ಇಡೀ ಸಂಚಿಕೆಯ ಸಾರಾಂಶ ಇಷ್ಟೇ. ಆದರೆ ಯಾಕೆ, ಆಮೇಲೆ ಎಂತ ಮಾಡಬೇಕು ಅಂತ ಗೊತ್ತಿದ್ದರೆ ಬಿಲ್ಲನ್ನು ಉಳಿಸಬಹುದು. ಬಿಲ್ಲು ಉಳಿಯದಿದ್ದರೂ ಕಣ್ಣು ಉಳಿಯುತ್ತದೆ.

ಈ ಬಿಲ್ಲು ಎಂತದ್ದು?

ನಮ್ಮಲ್ಲಿ ಹೆಚ್ಚಿನವರು ನೋಡಿದ ಬಿಲ್ಲು ಎರಡೇ ಬಗೆ. ಒಂದು ಬಿದಿರಿನದ್ದು, ಇನ್ನೊಂದು ಕ್ರೀಡಾಕೂಟದಲ್ಲಿ ಕಾಣುವ ಫೈಬರ್‌ನದ್ದು. ಕೊಂಬಿನ ಬಿಲ್ಲು ಮೂರನೇ ಜಾತಿ. ಇದರಲ್ಲಿ ಮೂರು ಪದರ ಉಂಟು. ನಡುವೆ ತೆಳ್ಳಗಿನ ಮರ ಅಥವಾ ಬಿದಿರು. ಬಾಣ ಬಿಡುವವನ ಕಡೆಗೆ, ಅಂದ್ರೆ ಬಿಲ್ಲಿನ ಹೊಟ್ಟೆಗೆ, ಎಮ್ಮೆ ಅಥವಾ ಕೋಣದ ಕೊಂಬಿನ ಪಟ್ಟಿ. ಗುರಿಯ ಕಡೆಗೆ, ಅಂದ್ರೆ ಬೆನ್ನಿಗೆ, ಪ್ರಾಣಿಯ ಕಾಲಿನ ಅಥವಾ ಬೆನ್ನಿನ ನರವನ್ನು ಒಣಗಿಸಿ, ಜಜ್ಜಿ, ನಾರು ನಾರಾಗಿ ಬಿಡಿಸಿ ಅಂಟಿನಲ್ಲಿ ಅದ್ದಿ ಹಾಸಿದ ಪದರ. ಮೂರನ್ನೂ ಹಿಡಿದಿಡುವುದು ಚರ್ಮ, ನರ ಅಥವಾ ಮೀನಿನ ಗಾಳಿಚೀಲ ಕುದಿಸಿ ತೆಗೆದ ಅಂಟು.

ಹೆದೆ ಎಳೆದಾಗ ಹೊಟ್ಟೆಯ ಕೊಂಬು ಅದುಮಲ್ಪಡುತ್ತದೆ, ಬೆನ್ನಿನ ನರ ಹಿಗ್ಗುತ್ತದೆ. ಕೊಂಬಿಗೆ ಅದುಮುವಿಕೆ ತಡೆಯುವ ಶಕ್ತಿ ಹೆಚ್ಚು, ನರಕ್ಕೆ ಎಳೆತ ತಡೆಯುವ ಶಕ್ತಿ ಹೆಚ್ಚು. ಹಾಗಾಗಿ ಮರದ ಬಿಲ್ಲಿಗಿಂತ ಚಿಕ್ಕದಾಗಿದ್ದರೂ ಇದು ಹೆಚ್ಚು ಬಾಗುತ್ತದೆ, ಬಾಣ ವೇಗವಾಗಿ ಹೋಗುತ್ತದೆ. ಕುದುರೆ ಮೇಲೆ ಕೂತವನಿಗೆ ಇದಕ್ಕಿಂತ ಒಳ್ಳೆಯ ಬಿಲ್ಲು ಇರಲಿಲ್ಲ. ಆದರೆ ಎರಡು ಪದರಗಳ ನಡುವಿನ ಅಂಟು ಪ್ರತಿ ಸಲ ಎಳೆದಾಗಲೂ ಜಾರಿಹೋಗುವ ಒತ್ತಡ ತಡೆದುಕೊಳ್ಳಬೇಕು. ಬಿಲ್ಲಿನ ಜೀವ ಇರುವುದು ಆ ಅಂಟಿನಲ್ಲಿ.

ಇದು ಹೊರದೇಶದ ಹುಚ್ಚು ಅಂತ ಅಂದ್ಕೊಳ್ಬೇಡಿ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗ ಅಂತ ಹೆಸರು. ಶೃಂಗ ಅಂದ್ರೆ ಕೊಂಬು, ಕೊಂಬಿನಿಂದ ಆದದ್ದು ಶಾರ್ಙ್ಗ. ನಾನು ಕಾಮರ್ಸ್ ಓದಿದವನು, ಕೌಟಿಲ್ಯನ ಹೆಸರು ಕೇಳಿದ್ದು ತೆರಿಗೆಯ ಪಾಠದಲ್ಲಿ. ಅದೇ ಅರ್ಥಶಾಸ್ತ್ರದಲ್ಲಿ ಆಯುಧಶಾಲೆಯ ಅಧಿಕಾರಿಯ ಬಗ್ಗೆ ಬರುವ ಭಾಗದಲ್ಲಿ ತಾಳೆ, ಬಿದಿರು, ಮರ, ಕೊಂಬು ಅಂತ ನಾಲ್ಕು ಬಗೆಯ ಬಿಲ್ಲಿನ ಪಟ್ಟಿ ಉಂಟು. ಇನ್ನು ಕರ್ನಾಟಕದ್ದೇ ಕಥೆ ಬೇಕಾದ್ರೆ, ವಿಜಯನಗರದ ಎರಡನೇ ದೇವರಾಯ ಬಹಮನಿಯವರ ಗೆಲುವಿಗೆ ಅವರ ಕುದುರೆಗಳೂ ಬಿಲ್ಲುಗಾರರೂ ಕಾರಣ ಅಂತ ತಿಳಿದು ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡ, ತನ್ನ ಸೈನಿಕರಿಗೆ ಅವರಿಂದ ಕಲಿಸಿದ ಅಂತ ಫೆರಿಷ್ಟಾ ಬರೆದಿದ್ದಾನೆ. ಪರ್ಷಿಯಾ, ಮಧ್ಯ ಏಷ್ಯಾದ ಕುದುರೆ ಸವಾರರು ಆ ಕಾಲದಲ್ಲಿ ಹಿಡಿಯುತ್ತಿದ್ದದ್ದು ಇದೇ ಜಾತಿಯ ಬಿಲ್ಲು.

ಆದರೆ ಅದು ಒಣ ಹವೆಯ ನಾಡಿನ ಬಿಲ್ಲು. ನಾವಿರುವುದು ಪುತ್ತೂರು, ಸುಳ್ಯ, ಕಡಬದಲ್ಲಿ. ಸಮಸ್ಯೆ ಶುರುವಾಗುವುದು ಇಲ್ಲಿ.

ನಮ್ಮ ಊರಿನ ಗಾಳಿ

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಜುಲೈಯಲ್ಲಿ ಗಾಳಿಯ ತೇವಾಂಶ ಎಷ್ಟೋ ದಿನ ಶೇಕಡ 90ರ ಆಸುಪಾಸು ಇರುತ್ತದೆ. ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಮರವೂ ಗಾಳಿಯಿಂದ ನೀರು ಕುಡಿಯುತ್ತದೆ. ಗಾಳಿಯ ತೇವಾಂಶ ಶೇಕಡ 50 ಇದ್ದರೆ ಮರದೊಳಗಿನ ನೀರು ಸುಮಾರು ಶೇಕಡ 9ಕ್ಕೆ ನಿಲ್ಲುತ್ತದೆ. ಗಾಳಿ ಶೇಕಡ 80 ಆದರೆ ಮರ ಸುಮಾರು 16, ಗಾಳಿ 90 ಆದರೆ ಮರ ಸುಮಾರು 20. ನರ, ಕೊಂಬು, ಅಂಟು ಕೂಡ ನೀರು ಹೀರುತ್ತವೆ, ಆದರೆ ಒಂದೊಂದೂ ಒಂದೊಂದು ಅಳತೆಯಲ್ಲಿ ಉಬ್ಬುತ್ತದೆ. ಒಂದು ಉಬ್ಬುವಾಗ ಇನ್ನೊಂದು ಜೊತೆಗೆ ಬರುವುದಿಲ್ಲ. ಆ ಜಗಳವೆಲ್ಲ ಅಂಟಿನ ಗೆರೆಯಲ್ಲೇ ನಡೆಯುತ್ತದೆ. ಅದೂ ಅಂಟು ಸ್ವತಃ ಮೆತ್ತಗಾಗಿರುವ ಹೊತ್ತಿನಲ್ಲಿ.

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥ ಆಗ್ತದೆ. ಮಳೆಗೆ ಚೆಂಡೆಯ ಚರ್ಮ ಸಡಿಲಾದರೆ ಪೆಟ್ಟಿಗೆ ನಾದ ಬರುವುದಿಲ್ಲ. ಚೆಂಡೆ ಸಡಿಲಾದರೆ ನಾದ ಹಾಳಾಗ್ತದೆ ಅಷ್ಟೆ. 40 ಪೌಂಡ್, ಅಂದ್ರೆ ಸುಮಾರು 18 ಕೆಜಿ ಎಳೆತದ ಬಿಲ್ಲು ಸಡಿಲಾದರೆ ತುಂಡಾಗಿ ಮುಖಕ್ಕೆ ಬರಬಹುದು.

ಉಲ್ಟಾ ಕಷ್ಟವೂ ಉಂಟು. ಇಲ್ಲಿ ಹದಕ್ಕೆ ಬಂದ ಬಿಲ್ಲನ್ನು ಮಾರ್ಚ್‌ನಲ್ಲಿ ಬೆಂಗಳೂರಿನ ಎಸಿ ರೂಮಿಗೆ ತಗೊಂಡು ಹೋದ್ರೆ ಅದು ಒಮ್ಮೆಲೆ ಒಣಗುತ್ತದೆ. ನರ ಕುಗ್ಗುತ್ತದೆ, ಅಂಟು ಗಾಜಿನ ಹಾಗೆ ಪೆಡಸಾಗುತ್ತದೆ. ಆಗ ಬರುವ ಸದ್ದು ಚಿಟಿಚಿಟಿ ಅಂತ ಒಣ ಎಲೆ ತುಳಿದ ಹಾಗೆ. ಮೆತ್ತಗಾದರೂ ಕಷ್ಟ, ಪೆಡಸಾದರೂ ಕಷ್ಟ.

ಸದ್ದು ಯಾಕೆ ಬರ್ತದೆ?

ಯಾವುದೇ ವಸ್ತುವಿನೊಳಗೆ ಚಿಕ್ಕ ಬಿರುಕು ಬಿಟ್ಟಾಗ ಅಲ್ಲಿ ಕೂಡಿಟ್ಟಿದ್ದ ಶಕ್ತಿಯ ಒಂದು ಪಾಲು ಸದ್ದಾಗಿ ಹೊರಬರುತ್ತದೆ. ಸೇತುವೆ, ಗ್ಯಾಸ್ ಟ್ಯಾಂಕ್ ಪರೀಕ್ಷೆ ಮಾಡುವ ಎಂಜಿನಿಯರ್‌ಗಳು ಇದೇ ಸದ್ದನ್ನು ಯಂತ್ರದಲ್ಲಿ ಹಿಡಿಯುತ್ತಾರೆ. 1950ರಲ್ಲಿ ಜರ್ಮನಿಯ ಯೋಸೆಫ್ ಕೈಸರ್ ಒಂದು ವಿಷಯ ಗಮನಿಸಿದರು. ಒಂದು ವಸ್ತುವಿನ ಮೇಲೆ ಭಾರ ಹಾಕಿ ತೆಗೆದು ಮತ್ತೆ ಹಾಕಿದರೆ, ಮೊದಲಿನ ಭಾರವನ್ನು ದಾಟುವವರೆಗೆ ಅದು ಸದ್ದು ಮಾಡುವುದಿಲ್ಲ. ಇದಕ್ಕೆ ಕೈಸರ್ ಪರಿಣಾಮ ಅಂತ ಹೆಸರು.

ನಮಗೆ ಇದರಿಂದ ಎಂತ ಲಾಭ? ಹೊಸ ಬಿಲ್ಲು 20 ಇಂಚಿಗೆ ಎಳೆದಾಗ ಒಮ್ಮೆ ಚಿಟ್ ಅಂದು, ಮತ್ತೆ 20 ಇಂಚಿಗೆ ಸುಮ್ಮನಿದ್ದರೆ ಅದು ಕೂತುಕೊಳ್ಳುತ್ತಿರುವ ಸದ್ದು ಇರಬಹುದು. ಆದರೆ ಮೊದಲು ಸುಮ್ಮನಿದ್ದ ಎಳೆತದಲ್ಲೇ ಈಗ ಸದ್ದು ಬಂದರೆ, ಅಥವಾ ದಿನ ಹೋದ ಹಾಗೆ ಇನ್ನೂ ಕಮ್ಮಿ ಎಳೆತದಲ್ಲಿ ಬಂದರೆ, ಒಳಗೆ ಹಾನಿ ಬೆಳೆಯುತ್ತಿದೆ. ಕಳೆದ ತಿಂಗಳು 26 ಇಂಚು ಎಳೆದ ಬಿಲ್ಲು ಇವತ್ತು 18 ಇಂಚಿಗೆ ಟಕ್ ಅಂದ್ರೆ ಅದು ಕೆಟ್ಟ ಸುದ್ದಿ.

ಹಾಗಂತ ಇದನ್ನು ಪರೀಕ್ಷಿಸಲು ಮತ್ತೆ ಎಳೆಯಬೇಡಿ. ನಿಮಗೆ ಈಗಾಗಲೇ ಕೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಈ ಲೆಕ್ಕ.

ಮೊದಲ ಐದು ನಿಮಿಷ

ಎಳೆಯುವಾಗ ಸದ್ದು ಬಂತು ಅಂತ ಇಟ್ಟುಕೊಳ್ಳಿ. ಬಾಣ ಬಿಡಬೇಡಿ, ಬೆಚ್ಚಿಬಿದ್ದು ಹೆದೆಯನ್ನೂ ಬಿಡಬೇಡಿ. ಬಾಣವಿಲ್ಲದೆ ಬಿಟ್ಟ ಹೆದೆ ಬಿಲ್ಲಿಗೆ ಅತಿ ದೊಡ್ಡ ಹೊಡೆತ. ಮುಖ ಪಕ್ಕಕ್ಕೆ ತಿರುಗಿಸಿ ನಿಧಾನಕ್ಕೆ ವಾಪಸ್ ಬಿಡಿ. ಎರಡೂ ತೋಳಿಗೆ ದಪ್ಪ ಬೈರಾಸು ಸುತ್ತಿ. ಇನ್ನೊಬ್ಬರನ್ನು ಕರೆದು, ಇಬ್ಬರೂ ಕನ್ನಡಕ ಹಾಕಿಕೊಂಡು, ಹೆದೆ ಇಳಿಸಿ. ಒಬ್ಬರೇ ಮೊಣಕಾಲಿಗೆ ಒತ್ತಿ ಇಳಿಸುವ ಸಾಹಸ ಬೇಡ, ಆಗ ತೋಳು ತಿರುಚಿಕೊಳ್ಳುತ್ತದೆ.

ಹೆದೆ ಇಳಿಸಿದ ಮೇಲೆ ಬಿಲ್ಲಿನ ಫೋಟೊ ತೆಗೆಯಿರಿ. ಹಳೆಯ ಫೋಟೊ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ಒಂದು ತೋಳು ಮೊದಲಿಗಿಂತ ಹೆಚ್ಚು ನೆಟ್ಟಗಾಗಿದ್ದರೆ ಅಥವಾ ತಿರುಚಿದ್ದರೆ ಸದ್ದು ಆ ಕಡೆಯದ್ದೇ ಇರುವ ಸಂಭವ ಹೆಚ್ಚು.

ಸದ್ದಿನ ಮನೆ ಯಾವುದು?

ಅಗ್ಗದ್ದರಿಂದ ಶುರು ಮಾಡಿ, ದುಬಾರಿಯದ್ದಕ್ಕೆ ಹೋಗುವ.

ಒಂದು, ಹೆದೆ ಮತ್ತು ಬಾಣ. ಹೆದೆಯ ಕುಣಿಕೆ ತುದಿಯ ಕಚ್ಚಿನಲ್ಲಿ ಸರಿಯಾಗಿ ಕೂರದೆ ಜಾರಿದರೆ ಟಕ್ ಅನ್ನುತ್ತದೆ. ಕುಣಿಕೆ, ಕಚ್ಚು, ಹೆದೆಯ ಸುತ್ತು ಎಲ್ಲ ನೋಡಿ. ಬಾಣವನ್ನೂ ಮರೆಯಬೇಡಿ. ಬಿದಿರಿನ ಬಾಣ ಸೀಳಿದ್ದರೆ ಮೆಲ್ಲಗೆ ಬಾಗಿಸಿ ಕಿವಿಗೆ ಹಿಡಿದಾಗ ಕರಕರ ಅನ್ನುತ್ತದೆ. ಅಂಥ ಬಾಣವನ್ನು ಮುರಿದು ಒಲೆಗೆ ಹಾಕಿ.

ಎರಡು, ಹೊದಿಕೆ. ಬೆನ್ನಿನ ಮೇಲೆ ತೇವ ತಡೆಯಲು ತೆಳು ಚರ್ಮ ಅಥವಾ ಮರದ ತೊಗಟೆ ಅಂಟಿಸಿ ಬಣ್ಣ ಬಳಿದಿರುತ್ತಾರೆ. ಆ ಬಣ್ಣ ಬಿರಿದರೂ ಸಣ್ಣ ಸದ್ದು ಬರುತ್ತದೆ. ಮೊಬೈಲ್ ಟಾರ್ಚನ್ನು ಅಡ್ಡಕ್ಕೆ ಹಿಡಿದರೆ ಕೂದಲೆಳೆಯ ಗೆರೆಗಳು ಕಾಣುತ್ತವೆ. ಇದರಿಂದ ಬಿಲ್ಲು ಮುರಿಯುವುದಿಲ್ಲ, ಆದರೆ ಆ ಬಿರುಕಿನಿಂದ ತೇವ ಒಳಗೆ ಹೋಗುತ್ತದೆ.

ಮೂರು, ನರದ ಪದರ. ಚಿಟಿಚಿಟಿ ಅಂತ ಹಲವು ಸಣ್ಣ ಸದ್ದು. ಅಂಚಿನಲ್ಲಿ ಒಂದೆರಡು ನಾರು ಎದ್ದಿದ್ದರೆ ಅಂಟು ಹಚ್ಚಿ ಕೂರಿಸಬಹುದು. ಅಡ್ಡಕ್ಕೆ ಒಂದೇ ಗೆರೆಯಲ್ಲಿ ನಾರು ತುಂಡಾಗಿದ್ದರೆ ಅದು ಬೇರೆ ಮಾತು, ಬಿಲ್ಲು ಬಲ್ಲವರಿಗೆ ತೋರಿಸದೆ ಹೆದೆ ಏರಿಸಬೇಡಿ. ಸೂಜಿ ಮೊನೆಯಷ್ಟು ತೂತು, ಕೆಳಗೆ ಹುಡಿ ಬಿದ್ದಿದ್ದರೆ ಹುಳದ ಕೆಲಸ. ನರ, ಕೊಂಬು ಎರಡೂ ಕೆಲವು ಹುಳಗಳಿಗೆ ಊಟ.

ನಾಲ್ಕು, ಕೊಂಬು ಬಿಟ್ಟುಕೊಳ್ಳುವುದು. ಹೆಚ್ಚಾಗಿ ಹೆದರಬೇಕಾದದ್ದು ಇದಕ್ಕೆ. ಒಂದೇ ಟಕ್, ಹಿಡಿಯಲ್ಲಿ ಕೈಗೂ ಅದುರಿದ ಹಾಗೆ. ಕೊಂಬಿನ ಪಟ್ಟಿ ಮುಗಿಯುವ ತುದಿಯ ಹತ್ತಿರ, ಮತ್ತು ಎರಡು ಪಟ್ಟಿ ಸೇರುವ ಹಿಡಿಯ ಹತ್ತಿರ ಮೊದಲು ನೋಡಿ. ಪರೀಕ್ಷೆ ಸುಲಭ. ಹಲಸಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುತ್ತೇವಲ್ಲ, ಹಾಗೆ ಒಂದು ನಾಣ್ಯದ ಅಂಚಿನಿಂದ ಕೊಂಬಿನ ಉದ್ದಕ್ಕೂ ಬೆರಳಗಲಕ್ಕೊಮ್ಮೆ ಮೆಲ್ಲಗೆ ತಟ್ಟಿ. ಗಟ್ಟಿ ಅಂಟಿದ ಕಡೆ ಸದ್ದು ಚುರುಕಾಗಿ ಬರುತ್ತದೆ, ಬಿಟ್ಟುಕೊಂಡ ಕಡೆ ಬೊದ್ದು. ಬೊದ್ದು ಬಂದ ಜಾಗದ ಸುತ್ತ ಪೆನ್ಸಿಲ್ ಗೆರೆ ಹಾಕಿ. ಅಂಚಿನಲ್ಲಿ ತೆಳು ಕಾಗದ ತೂರುತ್ತದಾ ನೋಡಿ. ಫೋನನ್ನು ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕೇಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ.

ಐದು, ಒಳಗಿನ ಮರ. ಆಳದಿಂದ ‘ಕಟ್’ ಅಂತ ದಪ್ಪ ಸದ್ದು, ಜೊತೆಗೆ ಆಕಾರ ಬದಲಾಗಿದೆ. ಹಿಡಿಯ ಹತ್ತಿರದ ಮರದ ಬೆಸುಗೆ ಬಿಟ್ಟಿದೆ ಅಥವಾ ಮರವೇ ಸೀಳಿದೆ. ಇಂಥ ಬಿಲ್ಲನ್ನು ಗೋಡೆಗೆ ತೂಗುಹಾಕಿ, ಹೆದೆ ಇಲ್ಲದೆ.

ತಕ್ಕಡಿ ಹೇಳುವ ಸತ್ಯ

ನಾಲ್ಕನೇ ಕಾಯಿಲೆಯ ಮೂಲ ನಮ್ಮಲ್ಲಿ ಹೆಚ್ಚಾಗಿ ತೇವ. ಅದನ್ನು ಅಳೆಯಲು ದುಬಾರಿ ಯಂತ್ರ ಬೇಡ, ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು. ಲೆಕ್ಕ ನೋಡಿ. ಹದವಾಗಿ ಒಣಗಿದಾಗ ಬಿಲ್ಲು 380 ಗ್ರಾಂ ಇತ್ತು, ಅದರಲ್ಲಿ ನೀರು ಶೇಕಡ 10 ಅಂತ ಇಟ್ಟುಕೊಳ್ಳಿ. ಅದೇ ನೀರು 16ಕ್ಕೆ ಏರಿದರೆ ಬಿಲ್ಲು ಸುಮಾರು 400 ಗ್ರಾಂ ತೂಗುತ್ತದೆ. ಆ 20 ಗ್ರಾಂ ಪೂರಾ ನೀರು. ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ಒಣಗಿಸುವುದು ಹೇಗೆ? ಇಲ್ಲಿ ನಮ್ಮವರು ಮಾಡುವ ತಪ್ಪುಗಳು ಕೆಲವು ಉಂಟು. ಅಡಿಕೆ ಅಂಗಳದ ಬಿಸಿಲಿಗೆ ಇಡುವುದು. ರಬ್ಬರ್ ಶೀಟಿನ ಹೊಗೆಗೂಡಿನಲ್ಲಿ ತೂಗುವುದು. ಶೀಟು ಒಣಗುವ ಹೊಗೆಗೂಡು 45ರಿಂದ 60 ಡಿಗ್ರಿವರೆಗೆ ಬಿಸಿ ಇರುತ್ತದೆ, ಚರ್ಮದ ಅಂಟನ್ನು ನೀರಿನಲ್ಲಿ ಕರಗಿಸಿ ಹಚ್ಚುವುದೂ 60 ಡಿಗ್ರಿ ಆಸುಪಾಸಿನಲ್ಲೇ. ತೇವ ಇರುವ ಬಿಲ್ಲನ್ನು ಅಲ್ಲಿಗೆ ಹಾಕಿದರೆ ನೀವೇ ಅಂಟು ಬಿಡಿಸಿದ ಹಾಗೆ. ಬಿಸಿಲಿಗೆ ನಿಲ್ಲಿಸಿದ ಕಾರು ಕೂಡ ಅಷ್ಟೇ ಅಪಾಯ.

ಸರಿಯಾದ ದಾರಿ ಅಂದ್ರೆ ನಮ್ಮ ಮೈ ಬಿಸಿಗಿಂತ ಹೆಚ್ಚಾಗದ, ನಿಧಾನದ ಬಿಸಿ. ಒಂದು ಉದ್ದದ ಪ್ಲೈವುಡ್ ಪೆಟ್ಟಿಗೆ ಮಾಡಿ, ಕೆಳಗೂ ಮೇಲೂ ಗಾಳಿ ಆಡುವ ತೂತು ಇರಲಿ. ಕೆಳಗೆ 25 ಅಥವಾ 40 ವ್ಯಾಟ್‌ನ ಹಳೆಯ ಬಗೆಯ ಬಲ್ಬ್, ಅದರ ಸುತ್ತ ಕಬ್ಬಿಣದ ಜಾಲರಿ. ಬಲ್ಬಿನಿಂದ ಬಿಲ್ಲಿಗೆ ಕನಿಷ್ಠ ಒಂದೂವರೆ ಅಡಿ ದೂರ. ಒಳಗೆ ತೇವಾಂಶವೂ ಉಷ್ಣತೆಯೂ ತೋರಿಸುವ ಒಂದು ಪುಟ್ಟ ಮೀಟರ್. ಎಲ್‌ಇಡಿ ಬಲ್ಬ್ ಆಗುವುದಿಲ್ಲ, ಅದು ಸಾಕಷ್ಟು ಬಿಸಿಯಾಗುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಸ್ವಿಚ್ ಆರಿಸಿ.

ಮಳೆಗಾಲದಲ್ಲಿ ಬಲ್ಬ್ ಎಂತ ಮಾಡ್ತದೆ ಅಂತ ಕೇಳಬಹುದು. ಹೊರಗೆ 26 ಡಿಗ್ರಿ, ತೇವಾಂಶ ಶೇಕಡ 90 ಇರುವ ಗಾಳಿಯನ್ನು 36 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಸುಮಾರು ಶೇಕಡ 50ಕ್ಕೆ ಇಳಿಯುತ್ತದೆ. ನೀರು ಅಷ್ಟೇ ಉಂಟು, ಗಾಳಿ ಹಿಡಿದಿಡಬಲ್ಲ ನೀರಿನ ಪ್ರಮಾಣ ಹೆಚ್ಚಾಗಿದೆ. ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಒಣಗಿ ಉಳಿಯುತ್ತಿದ್ದದ್ದು ಇದೇ ಕಾರಣಕ್ಕೆ. ಒಟ್ಟೋಮನ್ ತುರ್ಕಿಯ ಬಿಲ್ಲುಗಾರರೂ ಹೆದೆ ಏರಿಸುವ ಮೊದಲು ಬಿಲ್ಲನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಹದ ಮಾಡುತ್ತಿದ್ದರು.

ಎರಡು ದಿನಕ್ಕೊಮ್ಮೆ ತೂಗಿ, ಬರೆದಿಡಿ. ಒಂದು ವಾರ ತೂಕ ಬದಲಾಗದೆ ನಿಂತರೆ ಒಣಗಿತು. ಇದಕ್ಕೆ ಎರಡು ವಾರವೂ ಬೇಕಾದೀತು, ಆರು ವಾರವೂ ಬೇಕಾದೀತು. ಮೀಟರ್ ಶೇಕಡ 40ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ.

ರಿಪೇರಿ ಮಾಡಬಹುದಾ?

ಒಣಗಿದ ಮೇಲೆ ಮತ್ತೆ ನಾಣ್ಯದಿಂದ ತಟ್ಟಿ. ಪೆನ್ಸಿಲ್ ಗೆರೆಯೊಳಗೆ ಇನ್ನೂ ಬೊದ್ದು ಸದ್ದೇ ಬಂದರೆ ಅಂಟು ನಿಜವಾಗಿ ಬಿಟ್ಟಿದೆ. ಚರ್ಮದ ಅಂಟಿನ ದೊಡ್ಡ ಗುಣ ಅಂದ್ರೆ ಹೊಸ ಅಂಟು ಹಳೆಯ ಅಂಟಿಗೆ ಹಿಡಿಯುತ್ತದೆ. ಅಂಚಿನಲ್ಲಿ ಸ್ವಲ್ಪ ಬಿಟ್ಟಿದ್ದರೆ ತೆಳು ಬಿಸಿ ಅಂಟನ್ನು ಒಳಗೆ ಇಳಿಸಿ, ಹಗ್ಗದಿಂದ ಬಿಗಿಯಾಗಿ ಸುತ್ತಿ, ಪೆಟ್ಟಿಗೆಯಲ್ಲಿ ಕನಿಷ್ಠ ಒಂದು ತಿಂಗಳು ಇಡಬೇಕು. ಅರ್ಧ ತೋಳೇ ಬಿಟ್ಟಿದ್ದರೆ ಕೊಂಬನ್ನು ಪೂರ್ತಿ ಬಿಡಿಸಿ, ಮರ ಮತ್ತು ಕೊಂಬು ಎರಡರಲ್ಲೂ ಉದ್ದುದ್ದ ಗೀರು ಹೊಸದಾಗಿ ಎಳೆದು ಮತ್ತೆ ಅಂಟಿಸಬೇಕು. ಇದು ಬಿಲ್ಲು ಕಟ್ಟಿದ ಅನುಭವ ಇರುವವರ ಕೆಲಸ.

ಮಾಡಬಾರದ್ದು ಎರಡು. ಕರಕರ ಸದ್ದಿಗೆ ತೆಂಗಿನೆಣ್ಣೆ ಹಚ್ಚುವ ಬುದ್ಧಿ ನಮ್ಮೂರಲ್ಲಿ ಎಲ್ಲರಿಗೂ ಉಂಟು. ಬಾಗಿಲಿಗೆ ಸರಿ, ಬಿಲ್ಲಿಗೆ ಬೇಡ. ಎಣ್ಣೆ ಹೋದ ಬಿರುಕಿಗೆ ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಎರಡನೆಯದ್ದು, ತೇವ ಇರುವ ಬಿಲ್ಲನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡುವುದು. ನೀರು ಒಳಗೇ ಉಳಿದು ಬೂಷ್ಟು ಬರುತ್ತದೆ.

ಇನ್ನೊಂದು ಮಾತು, ಸುಬ್ರಹ್ಮಣ್ಯ, ಸುಳ್ಯದ ಕಾಡಂಚಿನವರಿಗೆ. ಬದಲಿ ಕೊಂಬು ಬೇಕು ಅಂತ ಕಾಡಿನಲ್ಲಿ ಬಿದ್ದ ಕಾಟಿಯ ಕೊಂಬು, ಕಡವೆಯ ಕೋಡು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಸರ್ಕಾರದ ಸೊತ್ತು, ಬಿದ್ದು ಸಿಕ್ಕಿದರೂ ಇಟ್ಟುಕೊಳ್ಳುವ ಹಾಗಿಲ್ಲ. ಸಾಕಿದ ಎಮ್ಮೆ, ಕೋಣದ ಕೊಂಬೇ ಈ ಬಿಲ್ಲಿಗೆ ಸರಿಯಾದದ್ದು.

ಮತ್ತೆ ಹೆದೆ ಏರಿಸುವ ದಿನ

ಹೆದೆ ಏರಿಸಿ ಹತ್ತು ನಿಮಿಷ ಸುಮ್ಮನೆ ಇಡಿ. ಎರಡೂ ತೋಳು ಒಂದೇ ಸಮ ಬಾಗಿದೆಯಾ ನೋಡಿ. ಮೊದಲ ಎಳೆತಗಳನ್ನು ಕೈಯಿಂದ ಮಾಡಬೇಡಿ. ಬಿಲ್ಲಿನ ಹಿಡಿಯನ್ನು ಕಂಬಕ್ಕೆ ಭದ್ರ ಮಾಡಿ, ಹಗ್ಗ ಮತ್ತು ರಾಟೆಯಿಂದ ದೂರ ನಿಂತು ಎಳೆಯಿರಿ. ಫೋನನ್ನು ಸ್ಟ್ಯಾಂಡಿನಲ್ಲಿಟ್ಟು ಸ್ಲೋ ಮೋಷನ್ ವಿಡಿಯೊ ಮಾಡಿ. ಪೂರ್ಣ ಎಳೆತದ ಅರ್ಧದಿಂದ ಶುರು ಮಾಡಿ. ಒಂದೊಂದು ಹಂತಕ್ಕೂ ಹತ್ತು ಸಲ ಎಳೆದು, ನಂತರ ಎರಡೇ ಇಂಚು ಮುಂದೆ. ಯಾವ ಹಂತದಲ್ಲಿ ಸದ್ದು ಬಂತೋ ಅಲ್ಲಿಗೆ ಅವತ್ತಿನ ಕೆಲಸ ಮುಗಿಯಿತು. ಅದೇ ಸದ್ದು ಮರುದಿನ ಅದೇ ಎಳೆತದಲ್ಲಿ ಬಂದರೆ ಬಿಲ್ಲು ವಾಪಸ್ ರಿಪೇರಿಗೆ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಗಾಳಿಯ ತೇವಾಂಶ, ಬಿಲ್ಲಿನ ತೂಕ, ಎಷ್ಟು ಇಂಚು ಎಳೆದದ್ದು, ಸದ್ದು ಬಂತಾ ಇಲ್ಲವಾ. ಐದೇ ಕಾಲಂ. ಒಂದು ವರ್ಷ ಬರೆದರೆ ನಿಮ್ಮ ಬಿಲ್ಲಿನ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿರುವವರು ಯಾರೂ ಇರುವುದಿಲ್ಲ.

ಕೊನೆಗೆ ಕ್ಯಾಲೆಂಡರ್. ನಮ್ಮ ಮೇಳಗಳಿಗೆ ಒಂದು ಒಳ್ಳೆಯ ಕ್ರಮ ಉಂಟು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟ ದೀಪಾವಳಿ ಕಳೆದ ಮೇಲೆ. ಕೊಂಬಿನ ಬಿಲ್ಲಿಗೂ ಅದೇ ಲೆಕ್ಕ ಇಟ್ಟುಕೊಳ್ಳಿ. ಮೇ ಕೊನೆಗೆ ಹೆದೆ ಇಳಿಸಿ ಪೆಟ್ಟಿಗೆಗೆ, ನವೆಂಬರ್ ನಂತರ ತೂಗಿ, ತಟ್ಟಿ, ಹೆದೆ ಏರಿಸಿ. ಮಳೆಗಾಲದಲ್ಲಿ ಅಭ್ಯಾಸ ತಪ್ಪಬಾರದು ಅಂತಿದ್ದರೆ ಬಿದಿರಿನ ಬಿಲ್ಲು ಹಿಡಿಯಿರಿ. ಅದಕ್ಕೆ ಬಿಟ್ಟುಹೋಗಲು ಅಂಟೇ ಇಲ್ಲ.

ನಿಮ್ಮ ಬಿಲ್ಲಿನ ತಟ್ಟುವ ಸದ್ದು ರೆಕಾರ್ಡ್ ಮಾಡಿದ್ದರೆ ಕಳಿಸಿ, ಯಾವ ತೋಳು, ಹಿಡಿಯಿಂದ ಎಷ್ಟು ಇಂಚು ದೂರ ಅಂತ ಬರೆದು. ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಕೇಳುವ. ಎಳೆಯುವ ಸದ್ದು ಮಾತ್ರ ಬೇಡ.